ಕನ್ನಡಿಯಲ್ಲಿ ಓದುವ ಹೆಸರು

ಸಾಗವಾನಿ ಹೊಟ್ಟಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ರಾಣೆಬೆನ್ನೂರಿನ ನಮ್ಮ ಮರಗೆಲಸದ ಅಂಗಡಿಯಲ್ಲಿ ಹಲಗೆ ಹೆರೆದು ನುಣುಪು ಮಾಡುವ, ಕಬ್ಬಿಣದ ಹಳೇ ರಂದಾ ಮಷೀನೊಂದಿತ್ತು. ಅದರ ಮರದ ಅಚ್ಚನ್ನು ಅಜ್ಜನೇ ಕೆತ್ತಿ, ಹುಬ್ಬಳ್ಳಿಯಲ್ಲಿ ಎರಕ ಹೊಯ್ಯಿಸಿದ್ದ. ಸ್ಟಾಂಪಿನಂತೆ ಎರಕದಲ್ಲೂ ಅಕ್ಷರಗಳು ತಿರುಗಿ ಬರುತ್ತವೆಂದುಕೊಂಡು, ಅಚ್ಚಿನ ಮೇಲೆ ಒಂದು ಹೆಸರನ್ನು ಉಲ್ಟಾ ಕೆತ್ತಿದ್ದ. ಆದರೆ ಅಚ್ಚನ್ನು ಮರಳಿನಲ್ಲಿ ಒತ್ತಿ ಆ ಗುರುತಿಗೆ ಎರಕ ಹೊಯ್ಯುವುದರಿಂದ ಅಕ್ಷರಗಳು ಎರಡು ಸಲ ತಿರುಗಿ, ಕಬ್ಬಿಣದಲ್ಲೂ ಅದು ಉಲ್ಟಾ ಆಗಿಯೇ ಮೂಡಿತ್ತು.

ಅಜ್ಜ ತೀರಿಕೊಂಡ ವರ್ಷ ಒಂದು ಮಧ್ಯಾಹ್ನ, ಹೊಸ ಮಷೀನು ತರುವ ಹುರುಪಿನಲ್ಲಿ ಕಾಕಾ ಗುಜರಿಯವನನ್ನು ಕರೆತಂದ. ಅವನು ಆ ಉಬ್ಬಕ್ಷರಗಳ ಮೇಲೆ ಕೈಯಾಡಿಸಿ ನಕ್ಕ. “ಇದು ಯಾವ ಭಾಷಾರಿ?”

“ನಮ್ಮಪ್ಪ ಉಲ್ಟಾ ಕೆತ್ಯಾನ. ಲಗೂ ಒಯ್ರಿ,” ಎಂದ ಕಾಕಾ.

ಅಜ್ಜಿ ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ, ತಾನು ತಲೆ ಬಾಚಿಕೊಳ್ಳುವ ಕನ್ನಡಿ ತಂದಳು. ಅಕ್ಷರಗಳ ಸಂದಿಯ ಹೊಟ್ಟನ್ನು ಸೆರಗಿನಿಂದ ಒರೆಸಿ, ಅವುಗಳ ಎದುರು ಕನ್ನಡಿ ಹಿಡಿದಳು.

“ಓದವ್ವಾ, ಜೋರಲೇ ಓದು,” ಎಂದಳು ನನಗೆ.

“ಗಂಗವ್ವ!” ಎಂದು ಕೂಗಿದೆ. ಅದು ಅವಳದೇ ಹೆಸರು.

ಅಜ್ಜಿ ಕಾಕಾನತ್ತ ತಿರುಗಿದಳು. “ಕೇಳಿದೇನು? ಅವರು ಕೆತ್ತಿದ್ದು ನನಗ ಓದಾಕ ಬರತೈತಿ. ನನ್ನ ಹೆಸರು ಮಾರಾಕ ನಿನಗ ಯಾರು ಹೇಳ್ಯಾರ?”

ಗುಜರಿಯವನು ತಂದಿದ್ದ ಹಗ್ಗ ಸುತ್ತಿಕೊಂಡು ಹೊರಟ. ಅಜ್ಜಿ ಕಾಕಾನ ಕೈಯಿಂದಲೇ ಮಷೀನಿನ ಎದುರಿನ ಗೋಡೆಗೆ ಮೊಳೆ ಹೊಡೆಸಿ, ಹೆಸರು ಅದರಲ್ಲಿ ನೆಟ್ಟಗೆ ಕಾಣುವಂತೆ ಆ ಕನ್ನಡಿಯನ್ನು ತೂಗುಹಾಕಿಸಿದಳು. ಮರುದಿನದಿಂದ, ಗಿರಾಕಿಗಳು ನಿಂತಿದ್ದರೂ ಸರಿಯೇ, ತಲೆ ಬಾಚಿಕೊಳ್ಳಲು ಅವಳು ಅಂಗಡಿಗೇ ಬರುತ್ತಿದ್ದಳು.