ಒಂದನೇ ನಂಬರು

ಮಂಡಾಯಿಯ ಚಿತಾಗಾರದಲ್ಲಿ ಎಲ್ಲ ಮುಗಿದ ಮಾರನೆಯ ಬೆಳಿಗ್ಗೆ, ಅಡುಗೆಮನೆಯಲ್ಲಿ ಉಳಿದಿದ್ದ ಆಲೂಗಡ್ಡೆಗಳನ್ನು ಕಸದ ಚೀಲಕ್ಕೆ ಸುರಿಯುತ್ತಿದ್ದಾಗ ಅಕ್ಷಿತಾಳ ಫೋನಿಗೆ ಗೌರವನ ಮೆಸೇಜು ಬಂತು: "ಸ್ವಸ್ತಿಕ್ ನನ್ ಹತ್ರ ತಗೊಂಡಿದ್ದ ಸ್ವಿಚ್ ಬಾಕ್ಸ್ ನಿಮ್ಮನೇಲಿದ್ಯಾ? ಆಫೀಸಿಗೆ ಹೋಗೋ ಮುಂಚೆ ಬಂದು ಪಿಕಪ್ ಮಾಡ್ತೀನಿ."

ಗಂಡ ಸತ್ತ ಮನೆಗೆ ಇಷ್ಟು ಬೇಗ ಯಾರೂ ಡಬ್ಬಿ ಕೇಳಿಕೊಂಡು ಬರುವುದಿಲ್ಲ. ಅಕ್ಷಿತಾ ಚೀಲವನ್ನು ಅಲ್ಲೇ ಬಿಟ್ಟು ಸ್ವಸ್ತಿಕನ ಬ್ಯಾಗಿನಿಂದ ಪೆಟ್ಟಿಗೆ ಹೊರತೆಗೆದಳು. ಕನ್ನಡ ಸಂಘದ ಯಕ್ಷಗಾನದ ದಿನ ರಂಗದ ದೀಪ ಬದಲಿಸಲೆಂದು ಗೌರವ್ ಮಾಡಿದ್ದ ಪೆಟ್ಟಿಗೆ ಅದು. ಮುಂದೆ ಒಂದರಿಂದ ನಾಲ್ಕರವರೆಗೆ ತಿರುಗುವ ನಾಬ್. ರಜೆ ಬಂದರೆ ಗೆಳೆಯರಿಬ್ಬರೂ ಗಡಿ ದಾಟಿ ಜೋಹೋರಿನ ತೋಟವೊಂದರಲ್ಲಿ ಆಲೂಗಡ್ಡೆ ಹಾರಿಸುತ್ತಿದ್ದರು. ಪ್ಲಾಸ್ಟಿಕ್ ಪೈಪಿನ ನಾಲ್ಕು ತೋಪು, ಒಳಗೆ ಗ್ಯಾಸು, ಎಲ್ಲಕ್ಕೂ ಸೇರಿ ಕಿಡಿ ಹಾರಿಸುವ ಒಂದೇ ಗುಂಡಿ. ಆ ಕಿಡಿಯನ್ನು ಬೇಕಾದ ತೋಪಿಗೆ ಕಳಿಸಲು ಸ್ವಸ್ತಿಕ್ ಈ ಪೆಟ್ಟಿಗೆಯನ್ನು ಎರವಲು ತಂದಿದ್ದ.

"ಇದು ದೀಪಕ್ಕೆ ಮಾಡಿದ್ದು. ಹೈ ವೋಲ್ಟೇಜ್ ಕಿಡಿಗೆ ನಂಬರ್ ಓದೋಕೆ ಬರಲ್ಲ, ಹತ್ತಿರ ಇದ್ದ ಕಡೆ ಹಾರುತ್ತೆ," ಎಂದು ಅವಳು ಆಗಲೇ ಹೇಳಿದ್ದಳು.

"ಗೌರವ್ ಓಕೆ ಅಂದಿದ್ದಾನೆ, ಟೀಚರಮ್ಮಾ," ಎಂದು ಸ್ವಸ್ತಿಕ್ ನಕ್ಕಿದ್ದ. ಸುರತ್ಕಲ್‌ನಲ್ಲಿ ಎಲೆಕ್ಟ್ರಿಕಲ್ ಓದಿದವಳು ಇವಳು. ಅವನು ನಂಬಿದ್ದು ತಂಜಾಂಗ್ ಪಗಾರ್‌ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೌರವನನ್ನು.

ಕಳೆದ ಭಾನುವಾರ ತೋಟದಲ್ಲಿ ಸ್ವಸ್ತಿಕ್ ನಾಬ್ ತಿರುಗಿಸಿ, "ಒಂದು!" ಎಂದು ಕೂಗಿ, ಸಿಕ್ಕಿಕೊಂಡಿದ್ದ ಗಡ್ಡೆಯನ್ನು ತಳ್ಳಲು ಎರಡನೇ ತೋಪಿನ ಬಾಯಿಗೆ ಬಗ್ಗಿದ. ಗೌರವ್ ಗುಂಡಿ ಒತ್ತಿದ. ಸಿಡಿದದ್ದು ಎರಡನೆಯದು. ಆಮೇಲೆ ಕೇಳಿದವರಿಗೆಲ್ಲ ಗೌರವನದು ಒಂದೇ ಮಾತು: "ಬಾಯಲ್ಲಿ ಒಂದು ಅಂದ, ಕೈಯಲ್ಲಿ ಎರಡಕ್ಕೆ ಇಟ್ಟಿದ್ದ."

ಈಗ ಅವಳ ಕೈಯಲ್ಲಿದ್ದ ಪೆಟ್ಟಿಗೆಯ ನಾಬ್ ಒಂದರ ಮೇಲೇ ಇತ್ತು. ಅಕ್ಷಿತಾ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ ಒಂದರ ತಾಮ್ರದಿಂದ ಎರಡರ ತಾಮ್ರಕ್ಕೆ ಇರುವೆ ಸಾಲಿನಂಥ ಕಪ್ಪು ಗೆರೆ; ಕಿಡಿ ಹಾರಿ ಸುಟ್ಟ ದಾರಿ. ಅದನ್ನು ಅತ್ತೆ ಪುಷ್ಪಾವತಿಯವರ ಮುಂದೆ ಹಿಡಿದಳು. ಅವರು ನೋಡಲಿಲ್ಲ.

"ಅಲ್ಲಿದ್ದವ ಗೌರವ್, ನೀನಲ್ಲ. ನನ್ನ ಮಗನ ಕೈಯೇ ಅವನನ್ನು ತಿಂದದ್ದು."

ಗೌರವ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಆಫೀಸಿನ ಕಾರ್ಡು. ಬಾಗಿಲಲ್ಲೇ ಅಕ್ಷಿತಾ ದನಿ ತಗ್ಗಿಸಿ ಹೇಳಿದಳು:

"ಒಂದರ ಮೇಲೇ ಇತ್ತು ಗೌರವ್. ನಿಂಗೂ ಗೊತ್ತು."

"ಪ್ಲೀಸ್ ಅಕ್ಷಿತಾ. ಈಗ ಅದನ್ನೆಲ್ಲ ಓಪನ್ ಮಾಡಿ ಏನ್ ಯೂಸು? ಅವ್ನು ವಾಪಸ್ ಬರ್ತಾನಾ? ಬಾಕ್ಸ್ ನಂದು ಅಂತ ಗೊತ್ತಾದ್ರೆ ಎಲ್ರೂ ನನ್ನೇ ಬ್ಲೇಮ್ ಮಾಡ್ತಾರೆ."

"ಎಲ್ಲರಿಗೂ ಬೇಡ. ಅತ್ತೆ ಒಬ್ಬರಿಗೆ ಹೇಳು, ಸ್ವಸ್ತಿಕ್ ಕೈ ತಪ್ಪಿರ್ಲಿಲ್ಲ ಅಂತ. ನನ್ ಮಾತು ನಂಬಲ್ಲ ಅವರು. ನಿಂದು ನಂಬ್ತಾರೆ."

ಗೌರವ್ ಶೂ ಕಳಚಿ ಒಳಗೆ ಬಂದ. ಪುಷ್ಪಾವತಿ ಅವನ ಎರಡೂ ಕೈ ಹಿಡಿದುಕೊಂಡರು.

"ನೀನು ಅಲ್ಲೇ ಇದ್ದಿಯಲ್ಲ ಮಗಾ. ನಿಜ ಹೇಳು. ನನ್ನ ಮಗನೇ ತಪ್ಪು ಮಾಡಿದನಾ?"

ಅವನು ಅಕ್ಷಿತಾಳ ಮುಖ ನೋಡಿದ. ಅವಳ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ. ಕೊನೆಗೆ ನೆಲ ನೋಡಿದ.

"ಆಂಟಿ... ಅವ್ನು ಯಾವಾಗ್ಲೂ ಸ್ವಲ್ಪ ಅರ್ಜೆಂಟೇ ಅಲ್ವಾ."

ಪುಷ್ಪಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟರು. ಸೊಸೆಯ ಕಡೆ ತಿರುಗದೆಯೇ ಅಂದರು: "ಅವನ ಸಾಮಾನು ಅವನಿಗೆ ಕೊಟ್ಟುಬಿಡು. ಸತ್ತವನ ಮೇಲೆ ಎರವಲು ಉಳಿಯಬಾರದು."

ಅಕ್ಷಿತಾ ಮುಚ್ಚಳ ಮುಚ್ಚಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದಳು. ಲಿಫ್ಟಿನವರೆಗೂ ಜೊತೆಗೆ ಹೋಗಿ ಪೆಟ್ಟಿಗೆಯನ್ನು ಗೌರವನ ಕೈಗಿಟ್ಟಳು. "ಥ್ಯಾಂಕ್ಸ್," ಅಂದುಬಿಟ್ಟ ಅವನು. ಬಾಗಿಲು ಮುಚ್ಚಿಕೊಂಡಿತು. ಅದರ ಕಿರುಗಾಜಿನಾಚೆ, ಲಿಫ್ಟ್ ಕೆಳಗಿಳಿಯುವ ಮೊದಲು, ಅವನ ಹೆಬ್ಬೆರಳು ನಾಬನ್ನು ಒಂದರಿಂದ ಎರಡಕ್ಕೆ ತಿರುಗಿಸಿತು.