ಮುಳ್ಳಿಗೆ ಗೊತ್ತಿಲ್ಲದ್ದು

"ನೋಡೇ, ಮುಳ್ಳು ನಟ್ಟನಡುವೆ ನಿಂತಿದೆ!" ಮೆಕ್ಯಾನಿಕ್ ಹೆಂಡತಿಯ ಕಡೆ ತಿರುಗಿ ಕೂಗಿದ. ಕಿವಿ ಹೋದಮೇಲೆ ಅವನ ಮಾತೆಲ್ಲ ಕೂಗೇ. ಗ್ಯಾರೇಜಿನ ಕೆಲಸವೂ ಹೋದಮೇಲೆ ಮನೆಯಲ್ಲೇ ಎಂಜಿನ್ ಬಿಚ್ಚಿ ಜೋಡಿಸಿದ್ದ ತನ್ನ ಬೈಕಿನ ಸೈಲೆನ್ಸರ್ ಕೊಳವೆಗೆ ತೂತು ಕೊರೆದು ಆಕ್ಸಿಜನ್ ಸೆನ್ಸರ್ ಕೂರಿಸಿ, ಅದರ ತಂತಿಯನ್ನು ಹಳೆಯ ವೋಲ್ಟ್ ಮೀಟರಿಗೆ ಕಟ್ಟಿದ್ದ. ಪೆಟ್ರೋಲು ಹೆಚ್ಚಾದರೆ ಮುಳ್ಳು ಬಲಕ್ಕೆ, ಗಾಳಿ ಹೆಚ್ಚಾದರೆ ಎಡಕ್ಕೆ, ಎರಡೂ ಹದವಾಗಿದ್ದರೆ ನಡುವೆ. "ಇನ್ನು ಕಿವಿ ಯಾವನಿಗೆ ಬೇಕು? ಸೋಮವಾರ ಈ ಗಾಡೀಲೇ ಗ್ಯಾರೇಜಿಗೆ ಹೋಗ್ತೀನಿ. ಯಜಮಾನ ಬಾಯಿ ಮುಚ್ಕೊಂಡು ಕೆಲಸ ವಾಪಸ್ ಕೊಡ್ಬೇಕು."

ಅವಳಿಗೆ ಕೇಳಿಸುತ್ತಿತ್ತು. ಎಂಜಿನ್ನಿನ ಹೊಟ್ಟೆಯೊಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ ಟಕ್, ಟಕ್, ಟಕ್. ಮುಳ್ಳಿಗೆ ಹೊಗೆಯಲ್ಲಿ ಉಳಿದ ಆಮ್ಲಜನಕದ ಸಮಾಚಾರ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಒಳಗೆ ಬೇರಿಂಗ್ ಸತ್ತಿದ್ದರೂ ಅದು ನಡುವಿನಲ್ಲೇ ನಿಂತಿತ್ತು.

ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಅಭ್ಯಾಸಬಲದಿಂದ ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಇಪ್ಪತ್ತು ವರ್ಷ ಎಂಜಿನ್ನುಗಳ ಕಾಯಿಲೆ ಕಂಡುಹಿಡಿದದ್ದು ಹೀಗೆಯೇ. ಆಮೇಲೆ ನಾಚಿದವನಂತೆ ನಕ್ಕು, ಹಿಡಿಯನ್ನು ಅವಳ ಕಿವಿಗೆ ಇಟ್ಟ. "ನೀನೇ ಕೇಳು, ಡಾಕ್ಟರಮ್ಮ. ಹೇಗಿದ್ದಾನೆ ರೋಗಿ?"

ಸುತ್ತಿಗೆ ನೇರವಾಗಿ ಅವಳ ತಲೆಬುರುಡೆಗೇ ಬಡಿಯಿತು. ಅವಳು ನಕ್ಕಳು. ನಗು ಬರಲು ಒಂದು ಕ್ಷಣ ತಡವಾಯಿತು, ಅಷ್ಟೇ. ಕಿವಿ ಹೋದಂದಿನಿಂದ ಮುಖ ಓದುವುದನ್ನು ಕಲಿತಿದ್ದವನು ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ.

"ಯಾವತ್ತಿಂದ?" ಈ ಸಲ ಅವನು ಕೂಗಲಿಲ್ಲ.

ಅವಳು ಅವನಿಗೆ ಎದುರಾಗಿ ನಿಂತು, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದಳು: "ನೀವು ಎಂಜಿನ್ ಬಿಚ್ಚಿ ಜೋಡಿಸಿದ ದಿನದಿಂದ."