ಟ್ಯಾನ್ ಎಕ್ಸ್ ಕೇಳಿದ ವರ

"ಹುಡುಗಿ ಬಿ.ಎಸ್ಸಿ. ಓದಾಕತ್ತಾಳ ಅಂತೀರಿ. ಹಂಗಾರ ಒಂದು ಲೆಕ್ಕಾ ಕೊಟ್ಟು ನೋಡ್ತೇನಿ," ಎಂದ ಸೋಮನಿಂಗ.

ಮುದ್ದೇಬಿಹಾಳದಿಂದ ಸಿಂದಗಿಗೆ, ಪರಸಪ್ಪನ ಮಗಳು ಸಾತವ್ವನನ್ನು ನೋಡಲು ಬಂದ ವರ ಇವನು. ಕನ್ಯೆ ನೋಡಲು ಬಂದವರು ಹಾಡು ಹೇಳಿಸುವುದುಂಟು, ಸೂಜಿಗೆ ದಾರ ಪೋಣಿಸು ಅಂದು ಕಣ್ಣು ಪರೀಕ್ಷಿಸುವುದುಂಟು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದ ಈ ಮಹಾಶಯನಿಗೆ ಅದೆಲ್ಲ ಹಳೇ ಮಂದಿಯ ಕೆಲಸ. ಟೆರಿಲಿನ್ ಅಂಗಿಯ ಕಾಲರ್ ಸರಿಮಾಡಿಕೊಂಡು, ಪಾಟಿ ಬಳಪ ತರಿಸಿ, ದೊಡ್ಡ ಅಕ್ಷರದಲ್ಲಿ ಟ್ಯಾನ್ ಎಕ್ಸ್ ಎಂದು ಬರೆದ. "ಇದನ್ನ ಇಂಟಿಗ್ರೇಟ್ ಮಾಡಿ ತೋರ್ಸು."

ಜಮಖಾನದ ಅಂಚಿನಲ್ಲಿ ಕುಳಿತ ಸಾತವ್ವನಿಗೆ ನಗು ಬಂತು. ವಿಜಾಪುರದ ಕಾಲೇಜಿನಲ್ಲಿ ಇದು ಆರಂಭದ ಪಾಠ. ಆದರೆ ನಗುವ ಹೊತ್ತಲ್ಲ. ಅವಳ ಡಿಗ್ರಿಗೆ ಇನ್ನೊಂದು ವರ್ಷ ಬಾಕಿ ಇತ್ತು, ವರನ ಸೋದರಮಾವ ರೇವಣಪ್ಪ ಅವಲಕ್ಕಿ ತಿನ್ನುತ್ತಲೇ ಹೇಳಿಬಿಟ್ಟಿದ್ದ: "ಲಗ್ನ ಆದಮ್ಯಾಗ ಓದು ಗೀದು ಬಂದ್ ಮಾಡಬೇಕ್ರಿ." ಅಪ್ಪ ಅದಕ್ಕೂ ಗೋಣು ಹಾಕಿದ್ದ. ಹುಡುಗ ಹೂಂ ಅಂದರೆ ಸಾಕು, ಬರುವ ವಾರವೇ ನಿಶ್ಚಯ. ಅವಳನ್ನು ಕೇಳುವವರಾದರೂ ಯಾರು?

ಬಳಪ ಹಿಡಿದಳು. ಟ್ಯಾನ್ ಅಂದರೆ ಕಾಸ್ ಮೇಲೆ ಕುಳಿತ ಸೈನ್. ಕಾಸ್ ಎಕ್ಸ್‌ಗೆ ಟಿ ಎಂದು ಹೆಸರಿಟ್ಟಳು. ಸೈನ್ ಒಂದು ಮೈನಸ್ ಬಿಟ್ಟು ಹೊರಟುಹೋಯಿತು, ಉಳಿದದ್ದು ಲಾಗ್. ಕೊನೆಯ ಸಾಲು: ಮೈನಸ್ ಲಾಗ್ ಕಾಸ್ ಎಕ್ಸ್.

ಸೋಮನಿಂಗ ಮೇಲಿನ ಸಾಲುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ತಪ್ಪು! ಲಾಗ್ ಸೆಕ್ ಎಕ್ಸ್ ಬರಬೇಕು. ಈ ಮೈನಸ್ ಎಲ್ಲಿಂದ ಬಂತು? ಗೈಡಿನ್ಯಾಗ ಮೈನಸ್ ಇಲ್ಲ!"

"ಅವಾ ಬಿಡ್ರಿ, ಹುಟ್ಟಾ ಶಾಣ್ಯಾ," ಎಂದ ರೇವಣಪ್ಪ. ಅವನಿಗೆ ಟ್ಯಾನೂ ಒಂದೇ, ಟಾಂಗಾನೂ ಒಂದೇ.

ಸಾತವ್ವ ಮೊದಲ ಸಲ ತಲೆ ಎತ್ತಿ ವರನನ್ನು ನೋಡಿದಳು. ಅಯ್ಯೋ ಪುಣ್ಯಾತ್ಮ! ಕಾಸನ್ನು ತಲೆಕೆಳಗು ಮಾಡಿದರೆ ಸೆಕ್, ಹಾಗೆ ಮಾಡಿದೊಡನೆ ಲಾಗ್ ಮುಂದಿನ ಮೈನಸ್ ಮಾಯ. ಎರಡೂ ಒಂದೇ ಉತ್ತರ. ಉತ್ತರ ಬಾಯಿಪಾಠ ಮಾಡಿ ಪಾಸಾದ ಈ ಗಿಳಿಗೆ ಅದೂ ಗೊತ್ತಿಲ್ಲ. ಇಂಥವನ ಮುಂದೆ ಜೀವನವಿಡೀ ತಲೆ ತಗ್ಗಿಸಿ ಕೂಡಬೇಕೇ? ಅವಳ ಮೈ ಉರಿಯಿತು.

ಪರಸಪ್ಪನ ಮುಖ ಸಣ್ಣದಾಯಿತು. "ಇನ್ನೊಮ್ಮೆ ನೋಡವಾ. ಗಡಿಬಿಡ್ಯಾಗ ಬರದಿರಬೇಕು."

ಸೋಮನಿಂಗ ಕಾಲ ಮೇಲೆ ಕಾಲು ಹಾಕಿಕೊಂಡ. "ತಿದ್ದಲಿ. ನಾ ಹೇಳಿದ ಉತ್ತರಕ್ಕ ತಂದು ಮುಟ್ಟಿಸಿದ್ರ ನಂದೇನು ತಕರಾರಿಲ್ಲ, ಇವತ್ತ ಹೂಂ ಅಂತೇನಿ. ಆದ್ರ ತಲಿ ಇಲ್ಲದಾಕಿ ಮಾತ್ರ ನನಗ ಬ್ಯಾಡ."

ಬೇಕಾದದ್ದು ಒಂದೇ ಒಂದು ಸಾಲು. ಅಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಸಾತವ್ವ ಬಳಪವನ್ನು ಪಾಟಿಯ ಹತ್ತಿರ ತಂದಳು, ಸ್ವಲ್ಪ ಹೊತ್ತು ಹಿಡಿದಳು, ಮತ್ತೆ ಕೆಳಗಿಟ್ಟಳು.

"ತಿದ್ದಾಕ ಬರೂದಿಲ್ರಿ. ನನಗ ಇಷ್ಟೇ ಬರ್ತೈತಿ."

ಅವರು ಚಹಾ ಸಹ ಪೂರ್ತಿ ಕುಡಿಯದೆ ಎದ್ದರು. "ತಲಿ ಇಲ್ಲ, ತಲಿ ಇಲ್ಲ," ಎನ್ನುತ್ತ ಸೋಮನಿಂಗ ಹೊಸ್ತಿಲು ದಾಟಿದ್ದು ಓಣಿಗೆಲ್ಲ ಕೇಳಿಸಿತು. ಪರಸಪ್ಪ ಕಂಬಕ್ಕೆ ಒರಗಿ ಕುಸಿದು ಕುಳಿತ. "ಮಂದ್ಯಾಗ ನನ್ನ ಮಾನ ಕಳದಿ. ಇಷ್ಟು ದಿನಾ ವಿಜಾಪುರದಾಗ ಏನ್ ಕಲ್ತಿಯವಾ?"

ಸಾತವ್ವ ಪಾಟಿ ಎಳೆದುಕೊಂಡು, ಆ ಒಂದು ಸಾಲು ಬರೆದು ಅಪ್ಪನ ಮುಂದೆ ಹಿಡಿದಳು. "ಅವ ಹೇಳಿದ್ದೂ ಇದ, ನಾ ಬರದದ್ದೂ ಇದ. ಎರಡೂ ಒಂದ, ಯಪ್ಪಾ."

ಪರಸಪ್ಪ ಪಾಟಿಯನ್ನೂ ಮಗಳನ್ನೂ ಬದಲಿಸಿ ಬದಲಿಸಿ ನೋಡಿದ. "ಮತ್ತ ಅವನ ಮುಂದ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಅವ ಒಪ್ಪಿಬಿಡ್ತಿದ್ದ," ಎಂದಳು ಸಾತವ್ವ.